ಹಿಂದೆ ಕೂತವರಿಗಾಗಿ ಬದಲಿಸಿದ ಎರಡು ಟೈರು

ಒಂಬತ್ತೂವರೆಗೆ ಮನೆ ಮುಂದೆ ಕಾರು ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ. ಹನ್ನೊಂದಕ್ಕೆ ಮುಂಚೆ ತರೀಕೆರೆಯ ಕಚೇರಿ ಮುಟ್ಟಿಸುತ್ತೇನೆ ಎಂದೂ ಮಾತು ಕೊಟ್ಟೆ.

ಬಸ್ಸಿಗೇ ಹೋಗ್ತೀನಿ ಎಂದವರಿಗೆ ಬೇಡ ಎಂದೆ. ಟೈರ್ ಅಂಗಡಿಯವನು ಕೈ ಮುಗಿದು ಹೇಳಿದ ಬುದ್ಧಿಮಾತಿಗೆ ಆಗಲ್ಲ ಎಂದೆ.

ಭರವಸೆ ಕೊಟ್ಟವನೂ ನಾನೇ, ನಿರಾಕರಿಸಿದವನೂ ನಾನೇ. ಇಷ್ಟು ವರ್ಷ ಮೈಕ್ ಹಿಡಿದು ಬೇರೆಯವರ ತಪ್ಪುಗಳ ಪಟ್ಟಿ ಓದಿದ್ದೇನೆ. ಈ ಸಲದ ಪಟ್ಟಿ ನನ್ನದು.

ನಮ್ಮ ಹೋರಾಟದ ಸಂಘದ ಶಿವಗಂಗಕ್ಕ ಅಜ್ಜಂಪುರದ ಹತ್ತಿರದ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮೈದುನ ಜಮೀನಿನ ಖಾತೆಯನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡ. ಅದರ ಮೇಲೆ ಅಕ್ಕ ಹಾಕಿದ ಅರ್ಜಿಯ ಕೊನೆಯ ವಿಚಾರಣೆ ಕಳೆದ ವಾರ ತರೀಕೆರೆಯ ಕಂದಾಯ ಕಚೇರಿಯಲ್ಲಿ ಇತ್ತು. ಅವರೇ ನಿಂತು ಹೇಳಿಕೆ ಕೊಡಬೇಕಿತ್ತು. ಹೊಲ ಉತ್ತವರು ಯಾರು ಎಂದು ಹೇಳಲು ಪಕ್ಕದ ಮನೆಯ ಹನುಮಜ್ಜ ಸಾಕ್ಷಿ.

ಇನ್ನು ಕಾರಿನ ವಿಷಯ.

ಅದು ನನ್ನ ಭಾವ ಓಡಿಸಿ ಬಿಟ್ಟ ದೊಡ್ಡ ಕಾರು. ಸಂಘದ ಓಡಾಟಕ್ಕೆ ಇರಲಿ ಎಂದು ತಂದುಕೊಂಡೆ. "ಏನ್ ಲೋಕಣ್ಣ, ಧರಣಿಗೆ ಬಂದ್ಯೋ, ಹೆಣ್ಣು ನೋಡಕ್ ಬಂದ್ಯೋ" ಎಂದು ಗೆಳೆಯರು ಕಾಡಿದ್ದೂ ಆಯಿತು.

ಅದಕ್ಕಿದ್ದದ್ದು ರನ್‌ಫ್ಲಾಟ್ ಟೈರು. ಪಕ್ಕದ ಗೋಡೆ ದಪ್ಪ, ಗಟ್ಟಿ. ಗಾಳಿ ಪೂರ್ತಿ ಹೋದರೂ ಕುಸಿಯದೆ, ನಿಧಾನವಾಗಿ ಒಂದು ಊರು ಮುಟ್ಟಿಸುತ್ತದೆ. ಅದನ್ನು ನಂಬಿಯೇ ಆ ಕಾರಿಗೆ ಸ್ಟೆಪ್ನಿ ಕೊಟ್ಟಿಲ್ಲ. ಡಿಕ್ಕಿಯಲ್ಲಿ ಅದಕ್ಕೆಂದು ಬೇರೆ ಜಾಗವೂ ಮಾಡಿಲ್ಲ.

ಆ ಗಟ್ಟಿತನಕ್ಕೆ ಇನ್ನೊಂದು ಗುಣ ಇತ್ತು. ಸ್ಟೀರಿಂಗ್ ಒಂದಿಷ್ಟು ತಿರುಗಿಸಿದರೆ ಸಾಕು, ಕಾರಿನ ಮೈ ಪೂರ್ತಿ ಒಟ್ಟಿಗೆ ತಿರುಗುತ್ತಿತ್ತು. ನನ್ನ ಕೈ ಅದಕ್ಕೇ ಪಳಗಿತ್ತು.

ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದೆ ಕೂತವರ ಬೆನ್ನುಮೂಳೆ ಒಂದೊಂದು ಗುಂಡಿಯ ಲೆಕ್ಕ ಕೊಡುತ್ತಿತ್ತು. "ಕಾರಲ್ಲ ಕಣೋ ಇದು, ಬೀಸೋಕಲ್ಲು" ಎಂದು ಹನುಮಜ್ಜ ಬೈದಿದ್ದ.

ವಿಚಾರಣೆಯ ಹಿಂದಿನ ದಿನ ಕಡೂರಿನ ಇಮ್ತಿಯಾಜಣ್ಣನ ಅಂಗಡಿಗೆ ಹೋದೆ. ಹಿಂದಿನ ಎರಡಕ್ಕೆ ಮಾತ್ರ ಸಾದಾ ಟೈರು ಹಾಕು ಎಂದೆ.

"ಎರಡೇ ಹಾಕಬಾರ್ದು ಲೋಕಣ್ಣ. ಮುಂದೆ ಗಟ್ಟಿ, ಹಿಂದೆ ಮೆತ್ತಗೆ... ಗಾಡಿ ಮುಂದ್ಗಡೆ ಒಂದ್ ಕಡೆ ಹೋದ್ರೆ ಹಿಂದ್ಗಡೆ ಯೋಚ್ನೆ ಮಾಡ್ಕಂಡು ಬತ್ತದೆ. ನಾಲ್ಕೂ ಹಾಕ್ಸು. ಒಂದು ಸ್ಟೆಪ್ನಿ ಮಾಡ್ಕೊ. ಸೀಟ್ ಮೇಲಾದ್ರೂ ಇಟ್ಕೊ."

"ಸೀಟು ಜನಕ್ಕೆ. ಟೈರ್ ಕೂರಿಸಕ್ಕಲ್ಲ. ನಾಲ್ಕು ಮಾರಬೇಕು ಅಂತ ಕಂಪನಿ ಹೇಳ್ಕೊಟ್ಟಿದ್ದನ್ನ ನನಗೆ ಹೇಳಬೇಡ."

"ನಿಂಗೆ ಮಾರಿ ನಾನೇನು ಮಹಡಿ ಕಟ್ಟಲ್ಲಪ್ಪ. ಹೋಗ್ಲಿ, ಕೈ ಮುಗೀತೀನಿ, ನಾಳೆ ಒಂದಿನ ತಿರುವಲ್ಲಿ ಮೆಲ್ಲಗ್ ಹೋಗು."

ಹಿಂದೆ ಕೂತವರಿಗೆ ಮೊದಲ ನ್ಯಾಯ ಎಂದು ಅವನಿಗೆ ಒಂದು ಸಣ್ಣ ಭಾಷಣ ಬಿಗಿದೆ. ಮುಂದೆ ಕೂತ ನಾನು ಗಟ್ಟಿ ಟೈರಿನ ಏಟು ತಿನ್ನುತ್ತೇನೆ ಎಂದೆ. ತತ್ವವನ್ನು ತಂದು ಚಕ್ರಕ್ಕೆ ಹಾಕಿದ ಮೂರ್ಖ ನಾನು.

ಮಾರನೆಯ ಬೆಳಗ್ಗೆ ಬೀರೂರು ದಾಟುವಾಗ ಹಿಂಭಾಗ ಒಂದೆರಡು ಸಲ ತೂಗಿದಂತಾಯಿತು. ಮೆತ್ತನೆಯ ಸುಖ ಅಂದುಕೊಂಡೆ.

ಹಳ್ಳಿಯಿಂದ ಹೊರಟಾಗ, ತರೀಕೆರೆಗೆ ಹೊರಟಿದ್ದ ಊರಿನ ಇನ್ನಿಬ್ಬರೂ ಸೇರಿ ಐದು ಜನ. ನಮ್ಮ ಸಂಘದ ಗಾಡಿಯಲ್ಲಿ ಯಾರನ್ನೂ ಬೇಡ ಎನ್ನುವ ಪದ್ಧತಿ ಇಲ್ಲ. ಹಿಂದೆ ಮೂವರು, ನಡುವೆ ಹನುಮಜ್ಜ. "ಇವತ್ತು ಮನುಷ್ಯರ ಗಾಡಿ ಆಯ್ತು ನೋಡು" ಎಂದ. ಶಿವಗಂಗಕ್ಕ ಕಾಗದದ ಚೀಲವನ್ನು ಎದೆಗೆ ಒತ್ತಿಕೊಂಡು, ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.

ತರೀಕೆರೆ ಇನ್ನು ಅರ್ಧ ದಾರಿ ಇದೆ. ಎಡ ತಿರುವು. ಎದುರಿಗೆ ಮೇವಿನ ಹೊರೆ ಹೇರಿದ ಮೊಪೆಡ್, ರಸ್ತೆಯ ನಡುವೆ.

ಹಳೆಯ ಅಭ್ಯಾಸದಲ್ಲಿ ಸ್ಟೀರಿಂಗ್ ಎಳೆಯುತ್ತೇನೆ. ಮುಂಭಾಗ ತಕ್ಷಣ ತಿರುಗುತ್ತದೆ. ಹಿಂಭಾಗ ತಿರುಗುವುದಿಲ್ಲ... ಅರೆಗಳಿಗೆ ತಡೆದು, ಮೂರು ಜನರ ಭಾರ ಹೊತ್ತು, ಆಚೆಗೆ ಬೀಸುತ್ತದೆ. ಗಾಬರಿಯಲ್ಲಿ ವಾಪಸ್ ತಿರುಗಿಸಿದರೆ ಈಚೆಗೆ ಬೀಸುತ್ತದೆ.

ಹಿಂದಿನ ಎಡ ಚಕ್ರ ಟಾರಿನ ಅಂಚು ಇಳಿದು ಮೋರಿಯ ಕಲ್ಲಿಗೆ ಬಡಿಯಿತು. ಕಾರು ನಿಂತಿತು.

ಯಾರಿಗೂ ಗಾಯವಿಲ್ಲ. ಮೊಪೆಡ್‌ನವನು ಬಯ್ಯುತ್ತಾ ಹೋದ. ಹೊಸ ಟೈರಿನ ಪಕ್ಕ ಅಂಗೈಯಷ್ಟು ಸೀಳಿತ್ತು. ಪಂಕ್ಚರ್ ಕಿಟ್ಟಿನಿಂದ ಮುಚ್ಚುವ ತೂತಲ್ಲ ಅದು. ಸ್ಟೆಪ್ನಿ ಇಲ್ಲ.

"ಈಗೇನ್ ಮಾಡದಪ್ಪ?" ಎಂದರು ಶಿವಗಂಗಕ್ಕ.

ರಸ್ತೆಗಿಳಿದು ಬಸ್ಸಿಗೆ ಕೈ ಅಡ್ಡ ಹಿಡಿದೆ.

ಎರಡು ಬಸ್ಸು ತುಂಬಿ ಬಂದವು, ನಿಲ್ಲಲಿಲ್ಲ. ಫೋನಿನಲ್ಲಿ ಸಿಕ್ಕ ಗೆಳೆಯರೆಲ್ಲ ದೂರದಲ್ಲಿದ್ದರು. ಕೊನೆಗೆ ಒಂದು ಲಗೇಜ್ ಆಟೋ ಹತ್ತಿ ಕಚೇರಿ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ.

ಹೆಸರು ಮೂರು ಸಲ ಕೂಗಿದ್ದರು. ಅರ್ಜಿದಾರರು ಗೈರುಹಾಜರು ಎಂದು ಬರೆದು ಕಡತ ಮುಚ್ಚಿದ್ದರು. ಮೈದುನ ಮೆಟ್ಟಿಲ ಹತ್ತಿರ ಬೀಡಿ ಸೇದುತ್ತಾ ನಿಂತಿದ್ದ.

"ಅತ್ಗೆಮ್ಮ, ಕಾರಲ್ ಬಂದ್ರಂತೆ?" ಎಂದ.

ಶಿವಗಂಗಕ್ಕ ಅವನನ್ನು ದಾಟಿ ನನ್ನ ಹತ್ತಿರ ಬಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಿಮ್ದು ಊಟ ಆಗಿಲ್ವಲ್ಲ" ಎಂದರು.

ಈಗ ನಾಲ್ಕೂ ಸಾದಾ ಟೈರು ಹಾಕಿಸಿದ್ದೇನೆ. ಸ್ಟೆಪ್ನಿ ಡಿಕ್ಕಿಯಲ್ಲಿ ಅರ್ಧ ಜಾಗ ತಿನ್ನುತ್ತದೆ, ತಿನ್ನಲಿ. ಜನ ತುಂಬಿದ ದಿನ ಗಾಳಿ ನೋಡಿಸುತ್ತೇನೆ. ಸ್ಟೀರಿಂಗ್ ಮೊದಲಿನಷ್ಟು ಚುರುಕಿಲ್ಲ, ತಿರುವಿನಲ್ಲಿ ಕಾರು ಸ್ವಲ್ಪ ವಾಲುತ್ತದೆ, ಆದರೆ ಮುಂದೆಯೂ ಹಿಂದೆಯೂ ಒಂದೇ ಥರ ವಾಲುತ್ತದೆ. ಕೈಯನ್ನು ಹೊಸದಾಗಿ ಪಳಗಿಸುತ್ತಿದ್ದೇನೆ. ಒಂದು ವಾರ ಮುಂಚೆ ಮಾಡಬೇಕಿದ್ದ ಕೆಲಸ.

ಪ್ರಶ್ನೆ ಮಾಡುವುದನ್ನು ಚಳವಳಿ ಕಲಿಸಿತು. ಟೈರು ಬಿಚ್ಚಿ ಹಾಕಿ ಕೈ ಕಪ್ಪಾದವನ ಮಾತನ್ನೂ ಕಂಪನಿಯ ಮಾತನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನ್ನ ಸ್ವಂತ ಸೊಕ್ಕು.

ಕಡತ ಮತ್ತೆ ತೆರೆಸಲು ಅರ್ಜಿ ಹಾಕಬೇಕು. ಬರದಿದ್ದಕ್ಕೆ ಕಾರಣ ಬರೆಯಬೇಕು. ವಾಹನ ಕೆಟ್ಟಿತು ಎಂದು ಬರೆದರೆ ಸಾಕು ಎನ್ನುತ್ತಾರೆ ಗೆಳೆಯರು. ವಾಹನ ಕೆಡಲಿಲ್ಲ, ನಾನು ಕೆಡಿಸಿದೆ. ಹಾಗೆಂದೇ ಬರೆದು, ಕೆಳಗೆ ನನ್ನ ಸಹಿ ಹಾಕಿ, ಸಂಘದ ಸಭೆಯ ಮುಂದೆ ಶಿವಗಂಗಕ್ಕನ ಕೈಗೆ ಕೊಡುತ್ತೇನೆ.

ಸಭೆ ಬರುವ ಭಾನುವಾರ, ಬೆಳಗ್ಗೆ ಹತ್ತೂವರೆ, ಅಜ್ಜಂಪುರ. ಮೊದಲು ಮಾತಾಡುವವರು ಅವರು.