ಕೆಳಗಿನಿಂದ ಬರುವ ಉಸಿರು

ನಮ್ಮ ಐನಾಪುರದ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಒಟ್ಟಿಗೇ ಓಡಾಡುತ್ತವೆ. ಸಾಲದ್ದಕ್ಕೆ ನಾನು ಮೊಬೈಲಿನಲ್ಲಿ ಎಸ್ಪೆರಾಂಟೊ ಕಲಿಯಲು ಕೂತೆ. ಜಗತ್ತಿಗೆಲ್ಲ ಒಂದಿರಲೆಂದು ಯಾರೋ ಕೂತು ಕಟ್ಟಿದ ಭಾಷೆಯದು. "ನಿನಗ ಮಾಡಾಕ ಕೆಲಸಿಲ್ಲೇನಲೇ?" ಎಂದು ಅಣ್ಣ ನಕ್ಕ.

ಅದರಲ್ಲಿ 'ಸೊಪೀರೊ' ಎಂಬ ಶಬ್ದ ಸಿಕ್ಕಿತು. ಇಲ್ಲದವರಿಗಾಗಿ ಜೀವ ಎಳೆಯುವ ಹಂಬಲ ಅದು. ಮೂಲ ಹುಡುಕಿದರೆ ಫ್ರೆಂಚಿನ ನಿಟ್ಟುಸಿರು. ಅದರ ಹಿಂದೆ ಲ್ಯಾಟಿನ್, ಅಲ್ಲಿ ಬಿಡಿಸಿ ಓದಿದರೆ ಕೆಳಗಿನಿಂದ ಬರುವ ಉಸಿರು. ಓದಿದವನೇ ಪಡಸಾಲೆಯ ಮೂಲೆ ನೋಡಿದೆ.

ಆ ಮೂಲೆಯಲ್ಲಿ ಹಗೇವಿತ್ತು, ನೆಲದೊಳಗೆ ಜೋಳ ತುಂಬಿಡುವ ಹಳೆಯ ಗುಂಡಿ. ನಾನು ಹುಟ್ಟುವ ಮೊದಲೇ ಅಪ್ಪನ ತಮ್ಮ, ನಮ್ಮ ಕಾಕಾ, ಅದರಲ್ಲಿ ಇಳಿದು, ಕೆಟ್ಟ ಗಾಳಿಗೆ ಸಿಕ್ಕಿ ತೀರಿಕೊಂಡಿದ್ದ. ಆಮೇಲೆ ಗುಂಡಿಯ ಬಾಯಿಗೆ ಕಲ್ಲು ಮುಚ್ಚಿದರು. ಕೆಲವು ಮಧ್ಯಾಹ್ನ ಕಲ್ಲಿನ ಸಂದಿಯಿಂದ ಉದ್ದನೆಯ 'ಹುಸ್' ಕೇಳುತ್ತಿತ್ತು. ಕಾಕನ ಹೆಂಡತಿ, ನಮ್ಮ ಕಾಕು, ಕೈಯಲ್ಲಿನ ಕೆಲಸ ಬಿಟ್ಟು, "ಅವ್ರು ಉಸರ ಬಿಟ್ರು" ಅನ್ನುತ್ತಿದ್ದಳು. ಬರೀ ಗಾಳಿ ಎಂದು ನಾನು ಹೇಳಿ ಹೇಳಿ ಸೋತಿದ್ದೆ. ಆಕೆಯ ತಲೆ ಕೆಟ್ಟಿದೆ ಎಂಬುದರಲ್ಲಿ ಅಣ್ಣನಿಗೆ ಅನುಮಾನವೇ ಇರಲಿಲ್ಲ.

'ಸೊಪೀರೊ' ಪದದ ಮೂಲ ಕಾಕುವಿಗೆ ಹೇಳಿದೆ. ಕಣ್ಣರಳಿಸಿ, "ಹಂಗಾರ ಆ ಭಾಷಾದವ್ರ ದೇಶದಾಗೂ ಹಗೇವು ಅದಾವೇನ?" ಎಂದಳು. ನಗು ಬಂತು, ಅರ್ಧಕ್ಕೇ ನಿಂತಿತು.

ಈ ಬೇಸಿಗೆಯಲ್ಲಿ ಅಣ್ಣ ನೆಲಕ್ಕೆ ಹೊಸ ಫರಸಿ ಕಲ್ಲು ಹಾಸಿಸಲು ಹಗೇವು ತುಂಬಿಸಿದ. ಮಣ್ಣು ಸುರಿಯುವ ಮುಂಚೆ ಕಾಕು ಅಡ್ಡ ನಿಂತಳು. "ಒಮ್ಮಿ ಕಂದೀಲ ಇಳಸ್ರಿ, ಅವ್ರು ಕತ್ತಲದಾಗ ಅದಾರ." ಇಳಿಸಿದರು. ಉರಿ ಸಣ್ಣದಾಗಿ ಆರಿತು. ಒಳಗೆ ಗಾಳಿ ಕೆಟ್ಟರೆ ಆರುವುದೇ ಸೈ. ಅದು ನನಗೆ ಗೊತ್ತು. "ಊದಿ ಆರಿಸಿದ್ರು," ಎಂದು ಕಾಕು ಪಿಸುಗುಟ್ಟಿ ಬದಿಗೆ ಸರಿದಳು. ಟ್ರ್ಯಾಕ್ಟರಿನ ಮಣ್ಣೆಲ್ಲ ಒಳಗೆ ಹೋಯಿತು.

ಮೊನ್ನೆ ಮಧ್ಯಾಹ್ನ ನಾವಿಬ್ಬರೇ ಆ ಫರಸಿಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದೆವು. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಹುಸ್... ಅದೇ ಉದ್ದನೆಯ ಉಸಿರು. ಕಾಕುವೇ ನಿಟ್ಟುಸಿರು ಬಿಟ್ಟಿರಬೇಕೆಂದು ತಿರುಗಿದೆ. ತುಟಿಗಳು ಬಿಗಿಯಾಗಿ ಮುಚ್ಚಿದ್ದವು. ಕಣ್ಣು ನನ್ನ ಮೇಲೇ ಇತ್ತು.

"ನಿನಗೂ ಕೇಳ್ತಲ್ಲ?"

ಗಾಳಿ ಎನ್ನೋಣವೆಂದರೆ ಈಗ ಗುಂಡಿಯೇ ಇಲ್ಲ.

"ಕೇಳ್ತು, ಕಾಕು."

ಇಷ್ಟು ವರ್ಷ ಒಮ್ಮೆಯೂ ಅಳದವಳು, ನನ್ನ ಕೈ ಹಿಡಿದು ಗಳಗಳ ಅತ್ತುಬಿಟ್ಟಳು.