ನಾನು ತಡೆದ ಆಯೇರಿ

ನನ್ನ ಹತ್ತಿರ ಒಂದು ವಿಲಾಯತಿ ಸರ್ಟಿಫಿಕೇಟು ಇದೆ. ನಾಟಕ ಆಡಿಸುವ ವಿದ್ಯೆಯಲ್ಲಿ ನಾನು ಪಳಗಿದವನು ಎಂದು ಅದು ಹೇಳುತ್ತದೆ. ಗೋಡೆಗೆ ಯಾಕೆ ಹಾಕಿಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ಮೊಳೆ ಸಿಗಲಿಲ್ಲ ಎನ್ನುತ್ತೇನೆ. ಸುಳ್ಳು. ನಿಜ ಹೇಳಲು ನಾಚಿಕೆ, ಆದರೆ ನಿಮ್ಮ ಮುಂದೆ ಏನು ಮುಚ್ಚಿಡಲಿ?

ನಿಜಾಮರ ಕಾಲ ಮುಗಿದ ಹೊಸದರಲ್ಲಿ ವಿದ್ಯಾರ್ಥಿಗಳ ಅದಲುಬದಲು ಎಂಬುದೊಂದು ಶುರುವಾಯಿತು. ಅಲ್ಲಿಯವನೊಬ್ಬ ಇಲ್ಲಿಗೆ, ನಾನು ಒಂದು ವರ್ಷ ಇಂಗ್ಲೆಂಡಿಗೆ. ನಮ್ಮ ಗುಂಡಗುರ್ತಿಯ ಜನ ಇದನ್ನು ಎತ್ತು ಬದಲಾಯಿಸುವ ವ್ಯವಹಾರವೆಂದೇ ತಿಳಿದು, ಲುಕ್ಸಾನು ಯಾರಿಗಾಯಿತು ಎಂದು ಕಟ್ಟೆಯ ಮೇಲೆ ಚರ್ಚಿಸಿದರು. ಆದರೂ ನಾನು ಹೊರಡುವ ಮುಂಚೆ ಊರ ನಾಟಕವನ್ನು ನಡುವೆಯೇ ನಿಲ್ಲಿಸಿ, ಮೇಲೆ ಕರೆದು, ಹೆಸರು ಕೂಗಿ ಒಂದು ಶಾಲು ಹೊದಿಸಿದರು. ಇದಕ್ಕೆ ನಮ್ಮಲ್ಲಿ ಆಯೇರಿ ಎನ್ನುತ್ತಾರೆ. ರಾಜ ಸಾಯುತ್ತಿರಲಿ, ರಾಣಿ ಅಳುತ್ತಿರಲಿ, ಆಯೇರಿ ತಂದವರಿಗಾಗಿ ಆಟ ನಿಲ್ಲಲೇಬೇಕು. ವಾಡಿಯಲ್ಲಿ ರೈಲು ಹತ್ತಿದಾಗ ಆ ಶಾಲು ನನ್ನ ಹೆಗಲ ಮೇಲಿತ್ತು.

ಅಲ್ಲಿ ಬಹಳ ಕಲಿತೆ. ದೀಪವನ್ನು ಯಾವ ಓರೆಯಲ್ಲಿಟ್ಟರೆ ಮುಖದ ದುಃಖ ಕಾಣುತ್ತದೆ ಎನ್ನುವುದಕ್ಕೇ ಮೂರು ತಿಂಗಳು ಹಿಡಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕಲಿತದ್ದು ಮೌನ. ನಾಟಕದ ನಡುವೆ ಕೆಮ್ಮಿದವನನ್ನು ಅಲ್ಲಿಯ ಜನ ಕಳ್ಳನನ್ನು ನೋಡುವಂತೆ ನೋಡುತ್ತಾರೆ. ನಿಮ್ಮೂರಲ್ಲಿ ಹೇಗೆ ಎಂದು ಗುರುಗಳು ಕೇಳಿದಾಗ, ನಮ್ಮಲ್ಲೂ ಹೀಗೇ ಎಂದುಬಿಟ್ಟೆ. ಆಯೇರಿಯ ಮಾತೆತ್ತಲು ನಾಚಿಕೆಯಾಯಿತು, ಅದೂ ಅದೇ ಶಾಲು ಹೊದ್ದು ಕುಳಿತವನಿಗೆ.

ತಿರುಗಿ ಬಂದವನೇ ಊರ ನಾಟಕದ ಯಜಮಾನನಾದೆ. ಆಟ ನಡೆಯುವಾಗ ಹೊರಗಿನವರು ಮೇಲೆ ಹತ್ತಕೂಡದು ಎಂದು ಕಾನೂನು ಮಾಡಿದೆ. ನಮ್ಮ ಕಥೆಗಾರ ಮಲ್ಲಪ್ಪಜ್ಜ ಪಾತ್ರಧಾರಿಗಳ ಬೆನ್ನ ಹಿಂದೆ ನಿಂತು ಹಾಡು ಹೇಳುವವನು. ಯಾರಾದರೂ ಮಾತು ಮರೆತರೆ ಊರಿಗೇ ಕೇಳುವಂತೆ ಎತ್ತಿಕೊಡುವವನು. ಅವನನ್ನೂ ಪರದೆಯ ಮರೆಗೆ ಸರಿಸಲು ನೋಡಿದೆ. ಅಜ್ಜ ನಕ್ಕು ನಿಂತಲ್ಲೇ ನಿಂತ.

ಹೊಸ ಕಾನೂನಿನ ಮೊದಲ ಆಟದ ಸಂಜೆ, ಎರಡನೆಯ ಅಂಕದಲ್ಲಿ, ಐನಾಪುರದ ಶರಣವ್ವ ತಲೆಗೆ ಸುತ್ತುವ ಹೊಸ ರುಮಾಲು ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಆಕೆ ಮಲ್ಲಪ್ಪಜ್ಜನ ಅಕ್ಕ. ತಮ್ಮನು ಹರೆಯದಲ್ಲಿ ನಾಟಕದ ಹೆಣ್ಣುವೇಷ ಹಾಕಿದನೆಂಬ ಸಿಟ್ಟಿಗೆ, ಮದುವೆಯ ಹಂದರದಲ್ಲಿ ಎಲ್ಲರೆದುರು, ನನಗೆ ತಮ್ಮನೇ ಇಲ್ಲ ಎಂದವಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ನನ್ನ ದೀಪಕ್ಕೆ ಅಡ್ಡ ಬಂದ ಒಬ್ಬ ಮುದುಕಿ. ಥೂ, ಈಗಲೂ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

"ಆಟ ಮುಗದ ಮ್ಯಾಲ ಕೊಡ್ರಿ, ಅವ್ವಾ. ಕೆಳಗ ಕುಂದ್ರಿ," ಎಂದೆ.

ಹಿಂದೆ ಮಲ್ಲಪ್ಪಜ್ಜನ ತಾಳ ತಪ್ಪಿತು. ನಾನು ಅದಕ್ಕೂ ಹುಬ್ಬು ಗಂಟಿಕ್ಕಿದೆ.

ಆಟ ಮುಗಿದು ಜನ ಚದುರಿದ ಮೇಲೆ ಶರಣವ್ವ ರುಮಾಲನ್ನು ನನ್ನ ಕೈಗಿಟ್ಟಳು.

"ಬರೇ ಅರಿವಿ ಕೊಡಾದಿದ್ರ ಮನಿಗೇ ಹೋಗಿ ಕೊಡ್ತಿದ್ದೆ, ಯಪ್ಪಾ. ಮಂದಿ ಮುಂದ ಕಡದದ್ದು ಮಂದಿ ಮುಂದೇ ಕೂಡ್ಲಿ ಅಂತ ಬಂದಿದ್ದೆ."

ಅಷ್ಟು ಹೇಳಿ ಬಂಡಿ ಹತ್ತಿದಳು. ಮಲ್ಲಪ್ಪಜ್ಜ ಆ ರುಮಾಲನ್ನು ಮುಟ್ಟಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾಲ್ಕು ದಿನ ತಡೆದು ಐನಾಪುರಕ್ಕೆ ಹೋಗಿ, ರುಮಾಲು ತಿರುಗಿ ಕೊಟ್ಟು, ಆಕೆಯ ಕಾಲು ಹಿಡಿದೆ. ಮುಂದಿನ ಆಟಕ್ಕೆ ಬಂದಳು. ಎರಡನೆಯ ಅಂಕದಲ್ಲಿ ನಾನೇ ಕೈಯೆತ್ತಿ ಆಟ ನಿಲ್ಲಿಸಿ, ಆಯೇರಿ ಕೂಗಲು ಮುಂದೆ ಬಂದೆ. ಕೂತವರಿಗೆಲ್ಲ ನನ್ನ ತಪ್ಪು ಗೊತ್ತಿತ್ತು. "ಐನಾಪುರದ ಶರಣವ್ವ..." ಎಂದೆ. ಮುಂದೆ ಮಾತೇ ಬರಲಿಲ್ಲ. ನಾನು ವಿಲಾಯತಿಯಲ್ಲಿ ಕಲಿತ ಮೌನವೆಲ್ಲ ಆಗ ನನ್ನ ಬಾಯಲ್ಲೇ ಕೂತಿತ್ತು.

ಬೆನ್ನ ಹಿಂದಿನಿಂದ ಮಲ್ಲಪ್ಪಜ್ಜ ತನ್ನ ರೂಢಿಯಂತೆ, ಊರಿಗೇ ಕೇಳುವಂತೆ ಮಾತು ಎತ್ತಿಕೊಟ್ಟ.

"ನಮ್ಮಕ್ಕ ಅನ್ನು. ನಮ್ಮಕ್ಕ ಬಂದಾಳ ಅಂತ ಹೇಳು."

ಹೇಳಿದೆ. ತಮ್ಮನಿಗೆ ರುಮಾಲು ಸುತ್ತುವಾಗ ಶರಣವ್ವ ನನ್ನ ದೀಪಕ್ಕೆ ಪೂರ್ತಿ ಅಡ್ಡ ನಿಂತಿದ್ದಳು. ಆದರೂ ಅಜ್ಜನ ಮುಖ ಕಟ್ಟಕಡೆಯ ಸಾಲಿನವರಿಗೂ ಕಂಡಿತಂತೆ.

ಸರ್ಟಿಫಿಕೇಟಿಗೆ ಮೊಳೆ ಇನ್ನೂ ಸಿಕ್ಕಿಲ್ಲ.