ನಡೆದು ಹೋದ ಗಿಣಿ

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹೊಳೆನರಸೀಪುರಕ್ಕೆ ಹಿಂತಿರುಗಿದ ವರ್ಷ, ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರ ಬರುವವರೆಗೆ ನಾನು ಸುಮ್ಮನಿರಬೇಕಾಗಿತ್ತು. ಸುಮ್ಮನಿರುವುದು ನನಗೆ ಕಷ್ಟವಲ್ಲ, ನೋಡುವವರಿಗೆ ಕಷ್ಟವಾಗುತ್ತಿತ್ತು. ಹಾಗಾಗಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ನಿವೃತ್ತ ಸ್ಟೇಷನ್ ಮಾಸ್ಟರು ಒಂದು ಬೆಳಿಗ್ಗೆ ಬಂದು, "ನಿಮ್ಮ ಹುಡುಗಿ ಅಕ್ಷರ ದುಂಡಗಿದೆಯಂತೆ. ನಮ್ಮ ಸಂಘಕ್ಕೆ ಕಾರ್ಯದರ್ಶಿ ಬೇಕು" ಎಂದಾಗ, ತಂದೆ ನನ್ನನ್ನು ಕೇಳದೆಯೇ ಒಪ್ಪಿಬಿಟ್ಟರು.

ಸಂಘವೆಂದರೆ ಗಿಣಿ ಸಾಕುವವರ ಸಂಘ. ಮಾಸ್ಟರೇ ಅಧ್ಯಕ್ಷರು. ತಿಂಗಳ ಮೊದಲ ಭಾನುವಾರ ಅವರ ಮನೆಯ ಜಗಲಿಯಲ್ಲಿ ಸಭೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಸದಸ್ಯರು ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅಷ್ಟೂ ಗಿಣಿಗಳು ಒಟ್ಟಿಗೆ ಕಿರುಚತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಆದ್ದರಿಂದ ನಿರ್ಣಯಗಳೆಲ್ಲ ಸರ್ವಾನುಮತದಿಂದ ಪಾಸಾಗುತ್ತಿದ್ದವು.

ಸಂಘಕ್ಕೆ ಇನ್ನೊಂದು ಕೆಲಸವೂ ಇತ್ತು. ಹಳ್ಳಿಮೈಸೂರಿನ ಕಡೆಯ ಜೋಳದ ಹೊಲಗಳಲ್ಲಿ ಬಲೆಗೆ ಬಿದ್ದ ಗಿಣಿಗಳನ್ನು ತಂದು, ಗಾಯ ಮಾಯುವವರೆಗೆ ನೋಡಿಕೊಂಡು, ಹಾರಿಬಿಡುವುದು. ಬಿಡುವಾಗ ಮಾಸ್ಟರು ತಮ್ಮ ಹಳೆಯ ಹಸಿರು ಬಾವುಟ ತೋರಿಸುತ್ತಿದ್ದರು. ಬಾವುಟವಿಲ್ಲದೆ ಹಾರಿದ್ದು ಅವರ ಪ್ರಕಾರ ಬಿಡುಗಡೆಯಾದ ಗಿಣಿಯಲ್ಲ, ತಪ್ಪಿಸಿಕೊಂಡ ಗಿಣಿ.

ನಿಯಮಗಳನ್ನು ಅವರು ಹೇಳಿದರು, ನಾನು ಬರೆದೆ, ಅವರು ಸಹಿ ಹಾಕಿದರು. ನಾಲ್ಕನೆಯ ನಿಯಮ: ರೆಕ್ಕೆ ಬಿಚ್ಚಲಾಗದಷ್ಟು ಚಿಕ್ಕ ಪಂಜರದಲ್ಲಿರುವ ಪಕ್ಷಿಯನ್ನು ಸಂಘ ಎತ್ತಿಕೊಂಡು ಬರಬಹುದು. ಐದನೆಯದು: ಬಿಡುಗಡೆ ಎಂದರೆ ಪಂಜರದ ಬಾಗಿಲು ತೆರೆದು, ಹಸಿರು ಬಾವುಟ ತೋರಿಸಿ, ಪಕ್ಷಿಯನ್ನು ಅದಕ್ಕೆ ಇಷ್ಟ ಬಂದ ಕಡೆಗೆ ಹೋಗಗೊಡುವುದು.

ಒಂದು ಸೋಮವಾರ ಮಾಸ್ಟರಿಗೆ ಸಂತೆ ಬೀದಿಯ ಅರಳಿಮರದ ಕೆಳಗೆ ಡಬ್ಬಿಯಂಥ ಪುಟ್ಟ ಪಂಜರವೊಂದು ಕಂಡಿತು. ಒಳಗೊಂದು ಗಿಣಿ, ಹತ್ತಿರ ಯಾರೂ ಇಲ್ಲ. ಅಳತೆಯ ಟೇಪು ಸದಾ ಅವರ ಕೋಟಿನ ಜೇಬಿನಲ್ಲಿರುತ್ತಿತ್ತು. ಅಳೆದರು. ಚೀಟಿಯೊಂದನ್ನು ಬರೆದು ಕಲ್ಲಿನಡಿ ಇಟ್ಟು, ಪಂಜರ ಎತ್ತಿಕೊಂಡು ಬಂದರು.

ಮಾರನೆಯ ದಿನ ಬಿಳಿಗಡ್ಡದ ಮುದುಕನೊಬ್ಬ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಆ ಚೀಟಿ.

"ಅವ್ವಾ, ಓದ್ದೋರಂತೆ ನೀವು. ಇದ್ರಾಗೆ ಏನೈತೆ ಒಸಿ ನೋಡಿ. ನಾನು ಟೀ ಕುಡ್ದು ಬರಾದ್ರೊಳ್ಗೆ ಯಾವನೋ ನನ್ ಗಿಣಿ ಎತ್ಕಂಡೋಗವ್ನೆ. ಚೀಟಿ ಬ್ಯಾರೆ ಮಡಗವ್ನೆ. ಕಳ್ಳ ಆದ್ರೂ ಮರ್ವಾದಸ್ತ."

ನಾನು ಓದಿದೆ: "ನಿಮ್ಮ ಪಕ್ಷಿಯನ್ನು ರಕ್ಷಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ಕಾರ್ಯದರ್ಶಿಯವರಿಗೆ ಸಲ್ಲಿಸುವುದು."

"ರಕ್ಸಿಸವ್ರಾ? ಯಾರಿಂದ?"

"ನಿಮ್ಮಿಂದ," ಎಂದೆ.

ಮುದುಕ ಗಡ್ಡ ಕೆರೆದುಕೊಂಡ. "ಓಗ್ಲಿ, ಆ ಕಾರ್ಯದರ್ಸಿ ಯಾರವ್ವಾ?"

"ನಾನೇ."

ಅವನು ಚೀಟಿಯನ್ನೂ ನನ್ನನ್ನೂ ಒಮ್ಮೆ ನೋಡಿ ಮೆಟ್ಟಿಲ ಮೇಲೆ ಕುಳಿತ. "ಒಳ್ಳೇದೇ ಆಯ್ತು ಬುಡಿ. ದೂರ ಓಗಾದು ತಪ್ತು."

ಅವನು ಗಿಣಿ ಶಾಸ್ತ್ರ ಹೇಳುವವನು. ಜೋಳಿಗೆಯಿಂದ ಕಾರ್ಡುಗಳ ಕಟ್ಟು ತೆಗೆದು ತೋರಿಸಿದ. ಒಂದೊಂದರಲ್ಲೂ ಒಂದೊಂದು ದೇವರ ಚಿತ್ರ. ಗಿಣಿ ಪಂಜರದಿಂದ ಆಚೆ ಬಂದು ಒಂದು ಕಾರ್ಡನ್ನು ಕೊಕ್ಕಿನಲ್ಲಿ ಎಳೆದು ಕೊಟ್ಟರೆ, ಒಂದು ಭತ್ತದ ಕಾಳು ಕೊಡುತ್ತಾನೆ. ಅದು ತಿಂದು ತಾನಾಗಿಯೇ ಒಳಗೆ ಹೋಗುತ್ತದೆ. ಇವನು ಚಿತ್ರ ನೋಡಿ ಫಲ ಹೇಳುತ್ತಾನೆ.

"ಗಿಣಿ ಸಿಗುವವರೆಗೆ ಕಾರ್ಡನ್ನು ನೀವೇ ತೆಗೆಯಬಹುದಲ್ಲ?"

"ಮನ್ಸ ತಗುದ್ರೆ ಮೋಸ ಅಂತಾರೆ ಕಣವ್ವಾ, ಗಿಣಿ ತಗುದ್ರೆ ಸಾಸ್ತ್ರ ಅಂತಾರೆ. ಅದಿಲ್ದಿದ್ರೆ ನನ್ ಒಲೆ ಉರಿಯಾಕಿಲ್ಲ."

"ಅಷ್ಟು ಚಿಕ್ಕ ಪಂಜರ ಯಾಕೆ?"

"ದೊಡ್ಮನೆ ಕೊಟ್ರೆ ಆಚೀಕ್ ಬಂದು ಗೇಯ್ತದಾ? ನೀವಾದ್ರೂ ಬತ್ತೀರಾ?"

ನಾನು ಅವನ ಆಕ್ಷೇಪಣೆ ಬರೆದುಕೊಂಡೆ. ಮಾಸ್ಟರ ಹತ್ತಿರ ಹೋಗಿ ಹೇಳಿದೆ. "ಆಕ್ಷೇಪಣೆ ಭಾನುವಾರ ಸಭೆಯ ಮುಂದೆ ಬರಲಿ" ಎಂದರು. ಅಲ್ಲದೆ ಅವರು ಅಂದು ಬೆಳಿಗ್ಗೆಯೇ ಗಿಣಿಯನ್ನು ಬಿಡಲು ಹೋಗಿ ಸೋತಿದ್ದರು. ಬಾಗಿಲು ತೆರೆದು ಬಾವುಟ ತೋರಿಸಿದರೆ, ರೆಕ್ಕೆ ಕತ್ತರಿಸಿದ ಆ ಗಿಣಿ ನಡೆದುಕೊಂಡು ಆಚೆ ಬಂದು, ಮೇಜಿನ ಮೇಲಿದ್ದ ಕಾಗದಗಳನ್ನು ಒಂದೊಂದಾಗಿ ಎಳೆದು ಬಿಸಾಡಿ, ಕೊನೆಗೆ ಅವರ ಮಗಳ ಪತ್ರವನ್ನು ಅವರ ಕೈಗಿತ್ತು, ಕತ್ತೆತ್ತಿ ಕಾದಿತ್ತು. ಏನೂ ಸಿಗದಿದ್ದಾಗ ಅವರ ಬೆರಳನ್ನು ಕಚ್ಚಿ ಒಳಗೆ ಹೋಗಿ ಕುಳಿತಿತ್ತು.

ಸುದ್ದಿ ಹಬ್ಬಿತು. ಚನ್ನರಾಯಪಟ್ಟಣದ ಸದಸ್ಯರಾದ ಕೊಬ್ಬರಿ ಸಾಹುಕಾರರು ಸಭೆಗೆ ಎರಡು ದಿನ ಮೊದಲೇ ಬಂದಿಳಿದರು. ಕೊಬ್ಬರಿಯನ್ನು ಈಗಲೇ ಮಾರುವುದೋ, ತಡೆಯುವುದೋ ಎಂದು ಎರಡು ಚೀಟಿ ಬರೆದು ಗಿಣಿಯ ಮುಂದಿಟ್ಟರು. "ಇದೆಲ್ಲ ಮೂಢನಂಬಿಕೆ ಸಾಹುಕಾರ್ರೇ!" ಎಂದು ಮಾಸ್ಟರು ರೇಗಿದರು. ಶನಿವಾರ ನಾನು ನಡಾವಳಿ ಪುಸ್ತಕ ಕೊಡಲು ಹೋದಾಗ ಮಾಸ್ಟರೊಬ್ಬರೇ ಪಂಜರದ ಮುಂದೆ ಕುಳಿತಿದ್ದರು. ಎದುರಿಗೆ ಎರಡು ಚೀಟಿ, ಅಂಗೈಯಲ್ಲಿ ಭತ್ತ. ನನ್ನನ್ನು ಕಂಡೊಡನೆ ಚೀಟಿಗಳ ಮೇಲೆ ಹಸಿರು ಬಾವುಟ ಮುಚ್ಚಿದರು. ಅದನ್ನು ನಾನು ನಡಾವಳಿಯಲ್ಲಿ ಬರೆಯಲಿಲ್ಲ.

ಭಾನುವಾರ ಮುದುಕ ಅಂಗಳದ ಗೇಟಿನ ಹತ್ತಿರ ನಿಂತ. ಏನೇ ಆದರೂ ಗಿಣಿಯನ್ನು ಕರೆಯಬೇಡಿ, ಸನ್ನೆ ಮಾಡಿದಿರಿ ಅನ್ನುತ್ತಾರೆ ಎಂದು ಮೊದಲೇ ಹೇಳಿದ್ದೆ. ನಾನು ಆಕ್ಷೇಪಣೆ ಓದಿದೆ. ಮಾಸ್ಟರು, "ಜೈಲಿನಿಂದ ತಂದದ್ದನ್ನ ಮತ್ತೆ ಜೈಲಿಗೇ ಕಳಿಸೋದೇ?" ಎಂದರು. ಗಲಾಟೆ ಶುರುವಾಯಿತು. ಜನರದ್ದು ಅರ್ಧ, ಗಿಣಿಗಳದ್ದು ಅರ್ಧ.

"ನಮ್ಗ್ಯಾಕೆ ಜಗಳ ಸಾ? ಅದುನ್ನೇ ಕೇಳುವ," ಎಂದರು ಸಾಹುಕಾರರು.

ಮೂಢನಂಬಿಕೆಯ ಮಾತು ಈ ಸಲ ಯಾರೂ ಎತ್ತಲಿಲ್ಲ. "ಮುದುಕನಿಗೆ" ಎಂದೊಂದು, "ಬಿಡುಗಡೆ" ಎಂದೊಂದು ಚೀಟಿ ಬರೆದಿಟ್ಟೆ. ಗಿಣಿ ಆಚೆ ಬಂತು, ಒಂದು ಚೀಟಿ ಎಳೆದು ಮಾಸ್ಟರ ಕೈಗೆ ಕೊಟ್ಟಿತು, ಕಾಳು ತಿಂದು ಒಳಗೆ ಹೋಯಿತು. ಓದು ಬಾರದ ಮುದುಕ ಗೇಟಿನಲ್ಲಿ ನಗುತ್ತ ನಿಂತಿದ್ದ.

"ಬಿಡುಗಡೆ," ಎಂದು ಮಾಸ್ಟರು ಓದಿದರು.

"ಅಂಗಂದ್ರೆ?"

"ನಿಂಗಿಲ್ಲ ಅಂತ ಕಣಯ್ಯ," ಎಂದರು ಸಾಹುಕಾರರು.

"ಅಯ್ಯೋ, ಅದುಕ್ಕೇನ್ ಗೊತ್ತಾಯ್ತದೆ ಸಾ! ಗಿಣಿ ಕಣ್ ಸಾ ಅದು!" ಎಂದು ಮುದುಕ ಕೂಗಿದ. ಕೂಗಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ರೆಕ್ಕೆ ಬೆಳೆದ ಮೇಲೆ ಬಿಡೋಣ, ಅಲ್ಲಿಯವರೆಗೆ ನಮ್ಮಲ್ಲೇ ಇರಲಿ ಎಂದು ಮಾಸ್ಟರು ಹೇಳಿದರು. "ಇರ್ಲಿ ಇರ್ಲಿ, ಆತುರ ಏನೈತೆ!" ಎಂದು ಸಾಹುಕಾರರು ತಕ್ಷಣ ಅನುಮೋದಿಸಿದರು. ರೆಕ್ಕೆ ಬೆಳೆಯಲು ತಿಂಗಳುಗಳೇ ಬೇಕು. ಮುದುಕನ ಒಲೆ ಅಷ್ಟು ದಿನ ಕಾಯುವುದಿಲ್ಲ.

ಆ ಸಭೆಗಳಲ್ಲಿ ನಾನು ಓದುತ್ತಿದ್ದೆ, ಬರೆಯುತ್ತಿದ್ದೆ, ಮಾತಾಡಿದ್ದಿಲ್ಲ. ಅಂದು ಎದ್ದು ನಿಂತೆ. ಐದನೆಯ ನಿಯಮ ಓದಿ, "ಇದರಲ್ಲಿ ಬಾಗಿಲು ಇದೆ, ಬಾವುಟ ಇದೆ. ಹಾರಬೇಕು ಅಂತ ಎಲ್ಲೂ ಇಲ್ಲ ಸಾರ್" ಎಂದೆ.

"ಕೆಳಗೆ ಇಳಿದು ಬೆಕ್ಕಿನ ಬಾಯಿಗೆ ಬಿದ್ದರೆ?"

"ಇಷ್ಟು ಜನ ಇದ್ದೇವಲ್ಲ ಸಾರ್, ಬೆಕ್ಕು ಬಂದರೆ ಓಡಿಸೋಣ."

ಮಾಸ್ಟರು ಪುಸ್ತಕ ತೆಗೆದುಕೊಂಡು ತಮ್ಮ ಸಹಿಯನ್ನೇ ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ರೈಲ್ವೆಯಲ್ಲಿದ್ದವರು. ಬಾವುಟ ತೆಗೆದುಕೊಂಡು ಎದ್ದರು.

ಬಾಗಿಲು ತೆರೆಯಿತು, ಬಾವುಟ ಮೇಲೆದ್ದಿತು. ಗಿಣಿ ಆಚೆ ಬಂದು ಉಳಿದ ಚೀಟಿಯನ್ನು ತುಳಿದುಕೊಂಡು ಮೇಜಿನ ಅಂಚಿಗೆ ಬಂತು. ಕತ್ತು ಓರೆ ಮಾಡಿ ಗೇಟಿನ ಕಡೆ ನೋಡಿತು. ಆಮೇಲೆ ಮೇಜಿನ ಬಟ್ಟೆಯನ್ನು ಕೊಕ್ಕಿನಿಂದ ಹಿಡಿದು ನಿಧಾನವಾಗಿ ಕೆಳಗಿಳಿಯಿತು. ಸದಸ್ಯರು ಕಾಲು ಮೇಲೆತ್ತಿಕೊಂಡರು. ಸಾಲು ಪಂಜರಗಳ ಮುಂದೆ ಅದು ಬಾತುಕೋಳಿಯಂತೆ ವಾಲುತ್ತ ಹೋಗುವಾಗ, ಸಂಘ ಹುಟ್ಟಿದಂದಿನಿಂದ ಬಾಯಿ ಮುಚ್ಚದ ಗಿಣಿಗಳೂ ಸುಮ್ಮನಾದವು. ಜಗಲಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕುಪ್ಪಳಿಸಿ, ಅಂಗಳ ದಾಟಿತು. ಮುದುಕ ಕೈ ಹಿಂದೆ ಕಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ. ಗಿಣಿ ಅವನ ಪಂಚೆ ಹಿಡಿದು ಹತ್ತಿ, ಹೆಗಲ ಮೇಲೆ ಕುಳಿತು, ಗಡ್ಡದೊಳಗೆ ಕಾಳು ಹುಡುಕತೊಡಗಿತು.

ಮುದುಕ ಒಂದೇ ಕಣ್ಣು ತೆರೆದ. "ನಾನ್ ಕರೀನಿಲ್ಲ ಸಾ. ಅವ್ವಾರೇ ಸಾಕ್ಸಿ."

ಮಾಸ್ಟರು ಬಾವುಟವನ್ನು ಮೆಲ್ಲಗೆ ಸುತ್ತಿದರು. "ಬರ್ಕೊಳ್ಳಮ್ಮಾ," ಎಂದರು. ನಾನು ಬರೆದೆ: ಪಕ್ಷಿಯನ್ನು ಬಿಡುಗಡೆ ಮಾಡಲಾಯಿತು. ಅದು ನಡೆದು ಹೋಯಿತು.

ಡಬ್ಬಿ ಪಂಜರವನ್ನು ಮಾತ್ರ ಅವರು ಹಿಂತಿರುಗಿಸಲಿಲ್ಲ. ಬದಲಿಗೆ ರೆಕ್ಕೆ ಬಿಚ್ಚುವಷ್ಟು ದೊಡ್ಡದೊಂದನ್ನು ಕೊಟ್ಟರು. "ಇದುನ್ ಒರೋಕೆ ಇನ್ನೊಬ್ಬ ಆಳು ಬೇಕು" ಎಂದು ಗೊಣಗುತ್ತ ಮುದುಕ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋದ.

ಮರುವಾರ ನಾನು ಅಂಚೆ ಕಚೇರಿಗೆ ಹೋಗುವಾಗ ಅರಳಿಮರದ ಕೆಳಗೆ ಆ ಪಂಜರ ಕಂಡಿತು. ಅದರ ಮುಂದೆ ಕೋಟು ತೊಟ್ಟವರೊಬ್ಬರು ಕುಕ್ಕರಗಾಲಲ್ಲಿ ಕುಳಿತಿದ್ದರು. ಮಾಸ್ಟರು. ನನ್ನನ್ನು ಕಂಡದ್ದೇ ಜೇಬಿನಿಂದ ಟೇಪು ತೆಗೆದು ಪಂಜರದ ಅಗಲ ಅಳೆಯತೊಡಗಿದರು.

"ಸರಿಯಾಗಿದೆಯೇ ಸಾರ್?" ಎಂದೆ.

"ನಿಯಮದ ಪ್ರಕಾರ ಇದೆ," ಎಂದರು, ತಲೆಯೆತ್ತದೆ.

ಅವರ ಮೊಣಕಾಲಿನ ಪಕ್ಕದಲ್ಲಿ ಗಿಣಿ, ಕೊಕ್ಕಿನಲ್ಲೊಂದು ಕಾರ್ಡು ಹಿಡಿದು, ಅವರು ಅಳೆದು ಮುಗಿಸುವುದನ್ನೇ ಕಾಯುತ್ತಿತ್ತು. ನಾನು ನಮಸ್ಕಾರ ಹೇಳಿ ಮುಂದೆ ನಡೆದೆ.